ಅರವತ್ತೊಂದನೇ ಕಿಲೋಮೀಟರಿನ ಹೆಜ್ಜೆ

ನೆಲಕ್ಕೆ ಕಿವಿ ಬಂದರೆ ಒಳ್ಳೆಯದೋ ಕೆಟ್ಟದ್ದೋ ಎಂದು ಯಾರೂ ನನ್ನನ್ನು ಕೇಳಲಿಲ್ಲ. ಕೇಳುವವರಾದರೂ ಯಾರು? ರೈಲ್ವೆಯಲ್ಲಿ ಮೂವತ್ತೊಂದು ವರ್ಷ ಸಿಗ್ನಲ್ ತಂತಿ ಎಳೆದು, ಬಿಸಿಲಲ್ಲಿ ಕಂಬ ಹತ್ತಿಳಿದು, ಕೂದಲು ಹಣ್ಣಾದ ಮೇಲೆ ನನ್ನನ್ನು ಒಂದು ತಣ್ಣನೆಯ ಕೋಣೆಯಲ್ಲಿ ಕೂರಿಸಿ, “ರಾಜಮತಿ ಬಾಯಾರ, ಇನ್ನ ನೀವು ಬರೇ ಕೇಳಿಸ್ಕೊಂಡ್ರ ಸಾಕು” ಎಂದರು. ನನಗೂ ಬೆನ್ನುನೋವಿತ್ತು. ಕುರ್ಚಿ ಮೆತ್ತಗಿತ್ತು. ಕೂತೆ.

ಸಂಗತಿ ಇಷ್ಟೇ. ಹಳಿಯ ಪಕ್ಕ ಒಂದೂವರೆ ಮೊಳ ಆಳದಲ್ಲಿ ಕೂದಲೆಳೆಯಂಥ ಗಾಜಿನ ತಂತಿ ಹೂತಿದ್ದಾರೆ. ಅದರೊಳಗೆ ಸೆಕೆಂಡಿಗೆ ಸಾವಿರಾರು ಸಲ ಬೆಳಕಿನ ಮಿಡಿತ ಓಡುತ್ತದೆ. ಮೇಲೆ ಯಾರಾದರೂ ಕಾಲಿಟ್ಟರೆ ತಂತಿ ಕಣ್ಣಿಗೆ ಕಾಣದಷ್ಟು ನಲುಗುತ್ತದೆ, ಬೆಳಕು ಸ್ವಲ್ಪ ಬೇರೆಯಾಗಿ ತಿರುಗಿ ಬರುತ್ತದೆ. ನಮ್ಮ ಕೋಣೆಯ ಯಂತ್ರ ಅದನ್ನು ಓದಿ, ಇಂಥ ಕಿಲೋಮೀಟರಿನಲ್ಲಿ ಎಮ್ಮೆ, ಇಂಥಲ್ಲಿ ನಾಯಿ, ಇಂಥಲ್ಲಿ ಮನುಷ್ಯ ಎನ್ನುತ್ತದೆ. ಅಷ್ಟೇ ಆಗಿದ್ದರೆ ನಾನು ಈ ಕಥೆ ಹೇಳಬೇಕಿರಲಿಲ್ಲ. ಅದು ಮನುಷ್ಯ ಯಾರು ಎಂಬುದನ್ನೂ ಹೇಳುತ್ತಿತ್ತು. ಹಿಮ್ಮಡಿ ಎಷ್ಟು ಊರುತ್ತದೆ, ಯಾವ ಕಾಲು ತಡವಾಗಿ ಏಳುತ್ತದೆ, ಎರಡು ಹೆಜ್ಜೆಗಳ ನಡುವೆ ಎಷ್ಟು ಹೊತ್ತು ಎಂಬುದನ್ನೆಲ್ಲ ಕಲಿತು, ಬೆರಳಚ್ಚಿನ ಹಾಗೆ ಹೆಜ್ಜೆಯ ಅಚ್ಚು ಇಟ್ಟುಕೊಳ್ಳುತ್ತಿತ್ತು. ನಮ್ಮ ನೌಕರರಾದರೆ ಹಸಿರು ಚುಕ್ಕೆ, ಪಕ್ಕದಲ್ಲಿ ಹೆಸರು. ಬೇರೆಯವರಾದರೆ ಕೆಂಪು ಚುಕ್ಕೆ, ಪಕ್ಕದಲ್ಲಿ ‘ಅಪರಿಚಿತ’.

ಇಷ್ಟೆಲ್ಲ ಯಾಕೆಂದರೆ, ಹನ್ನೆರಡು ದಿನಕ್ಕೊಮ್ಮೆ ನಮ್ಮ ಮಾರ್ಗದಲ್ಲಿ ಸೇನೆಯ ವಿಶೇಷ ಗಾಡಿ ಹೋಗಬೇಕಿತ್ತು. ಹದಿನಾಲ್ಕು ಟ್ಯಾಂಕರುಗಳಲ್ಲಿ ಕ್ಷಿಪಣಿಗೆ ತುಂಬುವ ದ್ರವ. ಒಂದು ಕೊಡದಷ್ಟು ಸೋರಿದರೂ ಗಾಳಿ ಬೀಸಿದ ಕಡೆಯ ಊರಲ್ಲಿ ಒಬ್ಬರೂ ಏಳುವುದಿಲ್ಲ ಎಂದು ತರಬೇತಿಯಲ್ಲಿ ಹೇಳಿದ್ದರು. ಗಾಡಿಗೆ ಹೆಸರಿಲ್ಲ, ವೇಳಾಪಟ್ಟಿಯಲ್ಲಿ ಜಾಗವಿಲ್ಲ, ಸೀಟಿಯೂ ಇಲ್ಲ. ಅದರ ಎರಡು ಕಿಲೋಮೀಟರು ಮುಂದೆ ಬಂದೂಕಿನವರು ಕೂತ ಒಂದು ಸಣ್ಣ ಮೋಟಾರು ಟ್ರಾಲಿ. ಕೆಂಪು ಚುಕ್ಕೆ ಖಚಿತ ಎಂದು ನಾವು ಗುಂಡಿ ಒತ್ತಿದರೆ ಗಾಡಿ ನಿಲ್ಲುತ್ತದೆ, ಟ್ರಾಲಿ ನಿಲ್ಲುವುದಿಲ್ಲ; ಅದರಲ್ಲಿದ್ದವರು ಹೋಗಿ ಕಂಡಲ್ಲೇ ಗುಂಡು ಹಾರಿಸುತ್ತಾರೆ. ಆ ದಿನ ಹಳಿಯ ಮೇಲೆ ದುಡಿಯುವವರು ಮೊಬೈಲ್ ಇಟ್ಟುಕೊಳ್ಳುವ ಹಾಗಿಲ್ಲ. ಇದು ಭದ್ರತೆಯ ಮೊದಲನೇ ನಿಯಮ.

ತಂತಿ ಹೂಳುವಾಗ ನಾನು ಹುಣಸಿಮಡ್ಡಿ ಸ್ಟೇಷನ್ನಿನ ಕಡೆ ಹದಿನೈದು ದಿನ ಓಡಾಡಿದ್ದೆ. ಕಪ್ಪು ಎರೆಮಣ್ಣಿನ ಬಯಲು, ನಡುವೆ ಹಳ್ಳದ ಮೇಲೊಂದು ಸೇತುವೆ. ಅಲ್ಲಿನ ಕೀಮ್ಯಾನ್ ಗಾಳೆಪ್ಪ. ದಿನಾ ಬೆಳಿಗ್ಗೆ ಸುತ್ತಿಗೆ ಹೆಗಲಿಗಿಟ್ಟು ಆರು ಕಿಲೋಮೀಟರು ಹೋಗುತ್ತ ಒಂದು ಹಳಿ, ಬರುತ್ತ ಇನ್ನೊಂದು ಹಳಿ ನೋಡಿಕೊಂಡು, ಸಡಿಲಾದ ಕ್ಲಿಪ್ಪು ಬಡಿದು ಕೂರಿಸುವುದು ಅವನ ಕೆಲಸ. ಆಳು ದೊಡ್ಡದು, ಹೊಟ್ಟೆ ಅದಕ್ಕಿಂತ ದೊಡ್ಡದು.

“ಬಾಯಾರ, ಈ ತಂತಿಗೆ ನನ್ನ ಕೆಮ್ಮೂ ಕೇಳಸ್ತೈತೇನ್ರಿ?” ಎಂದು ಕೇಳಿದ್ದ.

“ಕೆಮ್ಮು ಗೊತ್ತಿಲ್ಲ. ನೀ ಗಿಡದ ಬುಡಕ್ಕ ಬೀಡಿ ಸೇದಕೋತ ನಿಂತಿದ್ದು ಗೊತ್ತಾಗ್ತದ” ಎಂದಿದ್ದೆ. ಮೈ ಕುಲುಕಿಸಿ ನಕ್ಕಿದ್ದ. ನಾನು ಅವನೊಂದಿಗೆ ಆಡಿದ ಮಾತು ಅಷ್ಟೇ.

ಯಂತ್ರ ಹೆಜ್ಜೆ ಕಲಿಯಲು ಇಪ್ಪತ್ತೊಂದು ದಿನ ಬೇಕಿತ್ತು. ಆ ದಿನಗಳಲ್ಲಿ ಯಾವ ಹಾದಿಯಲ್ಲಿ, ಯಾವ ಹೊತ್ತಿನಲ್ಲಿ ಯಾವ ಕೀಮ್ಯಾನ್ ನಡೆಯಬೇಕೋ ಆ ಹೆಜ್ಜೆ ಅವನ ಹೆಸರಿಗೆ ಸೇರುತ್ತಿತ್ತು. ಇಪ್ಪತ್ತೆರಡನೇ ದಿನ ಮೊದಲ ಗಾಡಿ. ಬೆಳಿಗ್ಗೆ ಆರೂ ನಲವತ್ತಕ್ಕೆ ಅರವತ್ತೊಂದನೇ ಕಿಲೋಮೀಟರಿನಲ್ಲಿ ಕೆಂಪು ಚುಕ್ಕೆ ಬಿತ್ತು. ಸೇತುವೆಗೆ ನೂರು ಗಜ ಈಚೆ. ಅಲ್ಲಿ ಆ ಹೊತ್ತಿಗೆ ಗಾಳೆಪ್ಪ ಇರಬೇಕು, ಆದರೆ ಇರುವವನು ಗಾಳೆಪ್ಪ ಅಲ್ಲ ಎನ್ನುತ್ತಿದೆ ಯಂತ್ರ. ಸುಮ್ಮನೆ ಹಳಿ ದಾಟುವ ಅಪರಿಚಿತನಿಗಿಂತ ಇದು ನೂರು ಪಾಲು ಕೆಟ್ಟದ್ದು. ನಮ್ಮವನನ್ನು ಏನೋ ಮಾಡಿ, ಅವನ ಹೊತ್ತಿಗೆ, ಅವನ ಜಾಗದಲ್ಲಿ ಯಾರೋ ನಡೆಯುತ್ತಿದ್ದಾರೆ. ನಡುನಡುವೆ ನಿಂತು ಹಳಿಗೆ ಏನೋ ಬಡಿಯುತ್ತಿದ್ದಾರೆ.

ನನ್ನ ಪಕ್ಕದ ಕುರ್ಚಿಯ ಮುನೀರ್ ನದಾಫ ಗಾಳೆಪ್ಪನಿಗೆ ಫೋನ್ ಹಚ್ಚಿದ. ಮೊಬೈಲ್ ಬಂದ್ ಇತ್ತು, ನಾವೇ ಮಾಡಿದ ನಿಯಮದ ಪ್ರಕಾರ. ತೀರ್ಮಾನಕ್ಕೆ ನಲವತ್ತು ಸೆಕೆಂಡು ಇತ್ತು. ಟ್ಯಾಂಕರುಗಳ ಆಚೀಚೆ ಏಳು ಹಳ್ಳಿ. ನಾನು ಗುಂಡಿ ಒತ್ತಿದೆ.

ಸತ್ತವನು ಗಾಳೆಪ್ಪನೇ.

ಆಮೇಲಿನದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಯಂತ್ರ ಮಾಡಿದ ಕಂಪನಿಯವರು ಬಂದು, ಯಂತ್ರ ಸರಿಯಾಗೇ ಇದೆ, ಮನಸ್ಸಿನಲ್ಲಿ ಕೇಡಿದ್ದವನ ನಡಿಗೆ ಬದಲಾಗುತ್ತದೆ, ಇಪ್ಪತ್ತೊಂದು ದಿನ ಒಂದು ಥರ ನಡೆದವನು ಅವತ್ತೇ ಬೇರೆ ಥರ ನಡೆದನೆಂದರೆ ಅದಕ್ಕೇನು ಅರ್ಥ ಎಂದು ಕೇಳಿದರು. ಫೈಲಿನಲ್ಲಿ ‘ವಿಧ್ವಂಸಕ ಉದ್ದೇಶದ ಅನುಮಾನ’ ಎಂದು ಬರೆದರು. ಎಂಟು ತಿಂಗಳಲ್ಲಿ ಮರುವಿಚಾರಣೆ, ಅದರಲ್ಲಿ ಹೊಸದೇನೂ ಬರದಿದ್ದರೆ ಅದೇ ಕಾಯಂ. ಒಬ್ಬ ಕೀಮ್ಯಾನ್ ಹಳಿ ಕೀಳಲು ಹೋಗಿ ಸತ್ತ ಎಂದು ಊರೆಲ್ಲ ಸುದ್ದಿಯಾಯಿತು. ನನಗೆ ಶಾಭಾಸ್ ಅಂದರು. ಒಂದು ಕಾಗದವನ್ನೂ ಕೊಟ್ಟರು. ಅದನ್ನು ನಾನು ಮನೆಯಲ್ಲಿ ಯಾರಿಗೂ ತೋರಿಸಲಿಲ್ಲ.

ಹದಿಮೂರನೇ ದಿನಕ್ಕೆ, ಅಂದರೆ ಎರಡನೇ ಗಾಡಿಯ ಬೆಳಿಗ್ಗೆ, ಅರವತ್ತೊಂದನೇ ಕಿಲೋಮೀಟರಿನಲ್ಲಿ ಹಸಿರು ಚುಕ್ಕೆ ಬಿತ್ತು. ಪಕ್ಕದಲ್ಲಿ ಹೆಸರು: ಗಾಳೆಪ್ಪ.

ಮುನೀರ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಚುಕ್ಕೆ ಸೇತುವೆಯವರೆಗೆ ಹೋಯಿತು, ನಿಂತಿತು, ಹಳಿಗೆ ಎರಡೇಟು ಬಡಿಯಿತು, ಕೆಳಗಿಳಿಯಿತು. ಗಾಡಿ ದಾಟಿತು. ಮಾರನೇ ದಿನ ಗಾಡಿ ಇರಲಿಲ್ಲ. ಆದರೂ ಅದು ಬಂತು. ಅದರ ಮಾರನೇ ದಿನವೂ ಬಂತು.

ನಮ್ಮ ಮೇಲಿನ ಅಧಿಕಾರಿ ನರಹರಿಯವರಿಗೆ ಹೇಳಿದೆ. ಅವರು ಮೈಸೂರಿನ ಕಡೆಯವರು, ಮಾತು ಮೆತ್ತಗೆ. “ಹಳೇ ದಾಖಲೆಯ ಪ್ರತಿಧ್ವನಿ ಇರಬಹುದು ಮೇಡಂ. ಕಂಪನಿಯವರಿಗೆ ಬರೀತೀನಿ. ನೀವು ಇದನ್ನ ಹೊರಗಡೆ ಆಡ್ಬೇಡಿ. ಹಸಿರು ತಾನೆ ಬೀಳ್ತಿರೋದು?” ಎಂದರು. ಅಳಿಸಿಬಿಡಿ ಎಂದರೆ, ವಿಚಾರಣೆ ಮುಗಿಯುವವರೆಗೆ ಸತ್ತವನ ಯಾವ ದಾಖಲೆಯನ್ನೂ ಮುಟ್ಟುವ ಹಾಗಿಲ್ಲವಂತೆ. ಮುನೀರ ಒಮ್ಮೆ ಪಾಳಿ ಮುಗಿಸಿ ಬೈಕ್ ಹತ್ತಿ ನಲವತ್ತು ಕಿಲೋಮೀಟರು ಹೋಗಿಯೂ ಬಂದ. ಅಲ್ಲಿ ಮುಟ್ಟುವಷ್ಟರಲ್ಲಿ ಎಂಟೂವರೆ. ಜಾಲಿಕಂಟಿ, ಬಯಲು, ಖಾಲಿ ಹಳಿ.

ನಮ್ಮ ಜನ ಎಂಥವರೆಂದರೆ, ಒಂದು ತಿಂಗಳಾಗುವಷ್ಟರಲ್ಲಿ ಅದಕ್ಕೂ ಹೊಂದಿಕೊಂಡೆವು. ಆರೂ ನಲವತ್ತಾದರೆ ಕೋಣೆಯಲ್ಲಿ ಮಾತು ನಿಲ್ಲುತ್ತಿತ್ತು. ಚಹಾ ತರುವವನು ಒಂದು ಕಪ್ಪು ಹೆಚ್ಚಿಗೆ ಇಟ್ಟು ಹೋಗತೊಡಗಿದ. ಮುನೀರ ಏನೋ ಪಿಸುಗುಟ್ಟಿ ಮುಖ ಸವರಿಕೊಳ್ಳುತ್ತಿದ್ದ. “ತನ್ನ ಕೆಲಸ ತಾ ಮಾಡಾಕತ್ಯಾನ ಬಿಡ್ರಿ ಅಕ್ಕಾರ. ಯಾರಿಗೇನು ತ್ರಾಸ ಕೊಟ್ಟಾನ?” ಎನ್ನುತ್ತಿದ್ದ. ಯಾರೂ ಪುಸ್ತಕದಲ್ಲಿ ಬರೆಯಲಿಲ್ಲ. ಬರೆದರೆ ಸತ್ತವನಿಗೆ ಅವಮಾನ ಎಂಬಂತೆ ಸುಮ್ಮನಿದ್ದೆವು. ಹೊರಗಿನವರು ಯಾರಾದರೂ ಇದ್ದಿದ್ದರೆ ಮೊದಲನೇ ದಿನವೇ ಬಾಯಿ ಬಡಿದುಕೊಂಡು ತನಿಖೆ ಮಾಡಿಸುತ್ತಿದ್ದರು.

ನನ್ನ ಗತಿ ಬೇರೆ. ಹೆಡ್‌ಫೋನ್ ಕಿವಿಗೆ ಹಾಕಿಕೊಂಡರೆ ಆ ಹೆಜ್ಜೆ ಸದ್ದಾಗಿ ಕೇಳಿಸುತ್ತದೆ. ದಪ್, ದಪ್, ಎಡಗಾಲು ಒಂದು ಎಳೆ ತಡ. ಮನೆಯಲ್ಲಿ ರೊಟ್ಟಿ ಬಡಿಯುವಾಗ ಅದೇ ಲಯ ಕೈಗೆ ಬರುತ್ತಿತ್ತು. ಒಂದಿನ ನಮ್ಮ ಯಜಮಾನರು, “ಏನಾಗೇದ ನಿನಗ? ಹಿಟ್ಟು ಹರದು ಹೋಗೂಹಂಗ ಬಡೀಲಿಕತ್ತಿ” ಎಂದರು. ಕೈಲಿದ್ದ ಹಿಟ್ಟು ಅಲ್ಲೇ ಬಿಟ್ಟು ಅತ್ತುಬಿಟ್ಟೆ. ಕೊಂದವಳನ್ನು ನೋಡಲು ದಿನಾ ಬರುತ್ತಾನೆ ಎಂದು ನನಗೆ ಗಟ್ಟಿಯಾಗಿ ಅನ್ನಿಸಿಬಿಟ್ಟಿತ್ತು. ಓದಿದವಳು, ಯಂತ್ರ ಬಿಚ್ಚಿ ಕಟ್ಟಿದವಳು, ನಂಬಿದೆ.

ಮರುವಿಚಾರಣೆಗೆ ಒಂಬತ್ತು ದಿನ ಇತ್ತು. ಕಾಗದ ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು. ಶವಪರೀಕ್ಷೆಯ ಹಾಳೆಯಲ್ಲಿ ‘ತೂಕ ಎಪ್ಪತ್ತೊಂಬತ್ತು ಕಿಲೋ’ ಎಂದಿತ್ತು. ಅದನ್ನು ಓದಿದ ಮೇಲೆ ನನ್ನ ತಲೆಯೊಳಗಿನ ಹಳೆಯ ಸಿಗ್ನಲ್‌ನವಳು ಎದ್ದು ಕೂತಳು. ದೆವ್ವಕ್ಕೆ ತೂಕ ಎಷ್ಟಿರುತ್ತದೆ? ಯಂತ್ರ ಪ್ರತಿ ಹೆಜ್ಜೆಯ ಭಾರವನ್ನೂ ಅಂದಾಜು ಮಾಡುತ್ತದೆ, ಆದರೆ ಅದನ್ನು ಪರದೆಯ ಮೇಲೆ ತೋರಿಸುವುದಿಲ್ಲ. ಒಳಗೆ ನಾಲ್ಕು ಬಾಗಿಲು ದಾಟಿ ಹುಡುಕಬೇಕು. ಹುಡುಕಿದೆ. ಗಾಳೆಪ್ಪನ ಅಚ್ಚಿನಲ್ಲಿ ಸುತ್ತಿಗೆ ಸೇರಿ ಐವತ್ತಾರು ಕಿಲೋ. ನಿನ್ನೆಯ ಹೆಜ್ಜೆಯೂ ಐವತ್ತಾರು. ಇಪ್ಪತ್ತೊಂದು ದಿನ ಕಲಿತ ಹೆಜ್ಜೆಯೂ ಐವತ್ತಾರೇ. ಅವನು ಸತ್ತ ಬೆಳಿಗ್ಗೆಯ ‘ಅಪರಿಚಿತ’ ಮಾತ್ರ ಎಂಬತ್ಮೂರು, ಸುತ್ತಿಗೆಯ ನಾಲ್ಕು ಕಿಲೋ ಸೇರಿ.

ಅಂದರೆ ಯಂತ್ರ ಗಾಳೆಪ್ಪನ ಹೆಜ್ಜೆಯನ್ನು ಒಂದು ದಿನವೂ ಕಲಿತಿರಲಿಲ್ಲ.

ಮಾರನೇ ದಿನ ರಜೆ ಹಾಕಿ ಹುಣಸಿಮಡ್ಡಿಗೆ ಹೋದೆ. ಗಾಳೆಪ್ಪನ ಹೆಂಡತಿ ಯಂಕವ್ವ ಇನ್ನೂ ರೈಲ್ವೆ ಕ್ವಾರ್ಟರ್ಸಿನಲ್ಲೇ ಇದ್ದಳು. ಕಾಲೋನಿಯ ನಳದ ಹತ್ತಿರ ಮೂರು ಜನ ಹೆಂಗಸರು ನಿಂತಿದ್ದರು. ಅವಳ ಮನೆ ಯಾವುದು ಎಂದು ಕೇಳಿದ್ದಕ್ಕೆ ಮಾತಾಡದೆ ಗದ್ದ ಎತ್ತಿ ತೋರಿಸಿದರು. ಯಂಕವ್ವ ಸಣ್ಣ ಆಳು, ಗಟ್ಟಿ ಮೈಕಟ್ಟು. ಬಾಗಿಲಲ್ಲಿ ಗಂಡಸಿನ ಬೂಟು, ಅದರ ತುದಿಗೆ ಅರಿವೆ ತುರುಕಿತ್ತು. ಒಳಗೆ ಕರೆದು ಚಾಪೆ ಹಾಸಿ ಚಹಾ ಮಾಡಿದಳು. ಎಡಗಾಲು ಒಂದು ಎಳೆ ತಡವಾಗಿ ಏಳುತ್ತಿತ್ತು. ನಾನು ಚಹಾದ ಕಪ್ಪನ್ನು ಕೆಳಗಿಟ್ಟೆ.

“ದಿನಾ ಬೆಳಿಗ್ಗೆ ನೀನಾ ಹೋಗೂದು?” ಎಂದು ಕೇಳಿದೆ.

ಅವಳು ಹೆದರಲಿಲ್ಲ. “ಹೌದ್ರಿ ಬಾಯಾರ. ಅವರ ಜಾಗಾಕ್ಕ ಯಾರನ್ನೂ ಹಾಕಿಲ್ಲ. ಮಿಷನ್ ಐತಿ, ಕೀಮ್ಯಾನ್ ಬ್ಯಾಡ ಅಂತಾರಂತ. ಸೇತುವಿ ಕಡೆ ಹಳಿ ಕೂಡೂ ಒಂದು ಜಾಯಿಂಟು ಸಡ್ಲ ಆಗಿ ಆಗಿ ಬರತೈತ್ರಿ. ಅದನ್ನ ಬಡದು ಬರ್ತೀನಿ. ಅಂಥಾ ಗಾಡಿ ಉರುಳಿ ಬಿದ್ರ ಊರಿಗೆ ಊರೇ ಹೋಗತೈತಿ ಅಂತ ಅವರು ಹೇಳತಿದ್ರು.”

“ಗಾಡಿ ಬಂದಾಗ ಟ್ರಾಲಿಯವರು ನೋಡಂಗಿಲ್ಲೇನು?”

“ಅವರ ಕೋಟು, ಅವರ ಟೊಪ್ಪಿಗಿ ಹಾಕ್ಕೊಂಡಿರ್ತೀನಿ. ಕೆಳಗಿಳದು ಹಸಿರು ಬಾವುಟ ಹಿಡೀತೀನಿ. ಬಾವುಟ ನೋಡ್ತಾರ, ಮುಖ ಯಾರು ನೋಡ್ತಾರ?”

“ಇದಕ್ಕ ಮೊದಲೂ ಹೋಗಿದ್ಯಾ? ಅವರು ಇದ್ದಾಗ?”

ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. ಆಮೇಲೆ ಹೇಳಿದಳು. ತಂತಿ ಹೂತು ಮುಗಿದ ವಾರವೇ ಗಾಳೆಪ್ಪನ ಮೊಣಕಾಲು ಕೊಡದ ಹಾಗೆ ಬಾತುಕೊಂಡಿತಂತೆ. ಆ ಇಪ್ಪತ್ತೊಂದು ದಿನಗಳಲ್ಲಿ ನಡೆಯಲಾಗದವನನ್ನು ಹಳಿಯ ಕೆಲಸದಿಂದ ತೆಗೆದು ದೂರದ ಗೋದಾಮಿಗೆ ಹಾಕುತ್ತಾರೆಂದು ಸುದ್ದಿ ಇತ್ತು. ಗಾಳೆಪ್ಪ ಸ್ಟೇಷನ್ನಿಗೆ ಕುಂಟುತ್ತ ಹೋಗಿ ಸಹಿ ಹಾಕಿ ಬರುತ್ತಿದ್ದ. ಸುತ್ತಿಗೆ ಹೊತ್ತು ನಡೆಯುತ್ತಿದ್ದವಳು ಇವಳು. ಗಂಡ ಜ್ವರ ಬಂದು ಮಲಗಿದಾಗಲೆಲ್ಲ ಹದಿನೆಂಟು ವರ್ಷದಿಂದ ಹೀಗೇ ಮಾಡಿದ್ದಳಂತೆ. ಅದು ಆ ಕಾಲೋನಿಯಲ್ಲಿ ಎಲ್ಲರೂ ಮಾಡುವುದೇ. ತಪ್ಪು ಎಂದು ಯಾರಿಗೂ ಅನ್ನಿಸಿರಲಿಲ್ಲ.

“ಕಡೇ ದಿನ ನಾನ ಹೊಂಟು ನಿಂತಿದ್ದೆ ನೋಡ್ರಿ. ಬೂಟು ಹಾಕ್ಕೊಂಡಿದ್ದೆ. ‘ಇವತ್ತು ದೊಡ್ಡ ಗಾಡಿ ಐತಿ, ಬ್ಯಾಡ. ಬಾವು ಇಳದೈತಿ, ನಾ ಹೋಗ್ತೀನಿ’ ಅಂತ ಕಾಲಾಗಿನ ಬೂಟು ಅವರ ಬಿಚ್ಚಿಸಿದ್ರು” ಎಂದಳು. ಆಮೇಲೆ ನನ್ನನ್ನೇ ನೋಡುತ್ತ, “ಅವರು ಹಳಿ ಕೀಳಾಕ ಹೋಗಿದ್ರು ಅಂತಾರಲ್ರಿ. ನಳದ ಹತ್ರ ಒಬ್ಬಾಕೀನೂ ನನ್ನ ಕೂಡ ಮಾತಾಡಂಗಿಲ್ಲ. ಇದೊಂದು ಮಾತು ತಗಸ್ರಿ ಬಾಯಾರ. ಬ್ಯಾರೆ ಏನೂ ಬೇಡಂಗಿಲ್ಲ ನಾನು” ಎಂದಳು.

ಎದುರಿಗೆ ಕೂತಿದ್ದೇನೆ, ಉತ್ತರ ನನ್ನ ಬಾಯಿ ತುದಿಯಲ್ಲಿದೆ. ನಿನ್ನ ಗಂಡ ದ್ರೋಹಿಯಲ್ಲ ಎಂದು ನಾನು ಸಾಬೀತು ಮಾಡಬಲ್ಲೆ. ಹೇಗೆಂದರೆ, ಆ ಇಪ್ಪತ್ತೊಂದು ದಿನ ನೀನು ಅವನಿಗಾಗಿ ನಡೆದದ್ದರಿಂದಲೇ ಅವನು ಸತ್ತ ಎಂದು ತೋರಿಸಿ. ಹೇಳಬೇಕಿತ್ತು. ಗುಂಡಿ ಒತ್ತಿದವಳು ನಾನೇ ಎಂಬುದನ್ನೂ ಹೇಳಬೇಕಿತ್ತು. “ಮಂಗಳವಾರ ಸಾಹೇಬರು ಬರ್ತಾರ. ಅವತ್ತು ನೀ ಅವರ ಮುಂದ ಒಂದು ಸಲ ನಡೀಬೇಕು. ಅಷ್ಟ ಮಾಡು. ಉಳಿದದ್ದು ನಾ ನೋಡಕೋತೀನಿ” ಎಂದು ಎದ್ದು ಬಂದೆ. ಹೇಡಿತನಕ್ಕೆ ಒಳ್ಳೆಯ ಹೆಸರು ಬೇರೆ ಇಟ್ಟುಕೊಂಡೆ, ಕರುಣೆ ಅಂತ.

ನರಹರಿಯವರಿಗೆ ಹೇಳಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಆಕೆಗೆ ಗೊತ್ತಾ ಇದು?” ಎಂದರು. ಇಲ್ಲ ಎಂದೆ. “ಹೇಳ್ದೇ ಇರೋಕಾಗುತ್ತಾ ನೋಡೋಣ” ಎಂದರು. ಒಳ್ಳೆಯ ಮನುಷ್ಯ. ನನ್ನಂತೆಯೇ ಹೇಡಿ.

ಮಂಗಳವಾರ ಹತ್ತು ಗಂಟೆಗೆ ಹುಣಸಿಮಡ್ಡಿ ಸ್ಟೇಷನ್ ಮಾಸ್ತರರ ಕೋಣೆಯಲ್ಲಿ ಮೂವರು ವಿಚಾರಣಾಧಿಕಾರಿಗಳು, ನರಹರಿ, ನಾನು. ಮೇಜಿನ ಮೇಲೆ ನಮ್ಮ ಯಂತ್ರದ ಸಣ್ಣ ಪರದೆ. ಕಂಪನಿಯವನೊಬ್ಬ ಟೈ ಕಟ್ಟಿಕೊಂಡು ಬೆವರುತ್ತಿದ್ದ. ಹೊರಗೆ ಯಂಕವ್ವ ಕೋಟು, ಟೊಪ್ಪಿಗೆ ಹಾಕಿ, ಸುತ್ತಿಗೆ ಹೊತ್ತು ಸೇತುವೆಯ ಕಡೆ ನಡೆದಳು. ಪರದೆಯ ಮೇಲೆ ಹಸಿರು ಚುಕ್ಕೆ ಮೂಡಿತು. ಗಾಳೆಪ್ಪ. ಸೇತುವೆಯವರೆಗೆ ಗಾಳೆಪ್ಪ ಹೋದ. ಅಲ್ಲಿಂದ ಗಾಳೆಪ್ಪ ವಾಪಸು ಬಂದ. ಎಂಟು ತಿಂಗಳು ನಾವು ಕಿವಿಗೊಟ್ಟು ಕೂತಿದ್ದ ದೆವ್ವ ಪ್ಲಾಟ್‌ಫಾರ್ಮ್ ಹತ್ತಿ, ಬೂಟಿನ ಮಣ್ಣು ಕೆರೆದು, ಟೊಪ್ಪಿಗೆ ತೆಗೆದು, ಸೆರಗು ಸರಿಮಾಡಿಕೊಂಡು ಒಳಗೆ ಬಂತು.

ನರಹರಿಯವರೇ ಎದ್ದು ನಿಂತರು. “ನೋಡಮ್ಮ, ನಿಮ್ಮ ಹೆಜ್ಜೆ ನಿಮ್ಮ ಯಜಮಾನರ ಹೆಸರಿಗೆ ಸೇರಿಕೊಂಡಿತ್ತು. ತಪ್ಪು ನಮ್ಮ ವ್ಯವಸ್ಥೆದು. ಅವರ ಮೇಲೆ ಇನ್ಮೇಲೆ ಯಾವ ಅನುಮಾನಾನೂ ಇಲ್ಲ. ಹಾಗಂತ ಈಗಲೇ ಬರೀತೀವಿ.”

ಅವಳ ಮುಖ ಅರಳಿತು. ಕೈ ಮುಗಿದಳು. ಇಲ್ಲಿಗೆ ಮುಗಿಯಲಿ ಎಂದು ನಾನು ಎಷ್ಟು ಬೇಡಿಕೊಂಡೆ. ಆದರೆ ಹದಿನೆಂಟು ವರ್ಷ ಹಳಿ ನೋಡಿದವಳು, ಸಡಿಲಾದದ್ದನ್ನು ನೋಡಿಯೂ ಮುಂದೆ ಹೋಗುವವಳಲ್ಲ. ಮುಗಿದ ಕೈ ಹಾಗೇ ನಿಂತಿತು.

“ನನ್ನ ಹೆಜ್ಜಿ ಅವರ ಹೆಸರಿಗಿತ್ರಿ?”

“ಹೌದಮ್ಮ.”

“ಹಂಗಾರ ಅವರದು ಯಾರ ಹೆಸರಿಗಿತ್ರಿ?”

ಟೈ ಕಟ್ಟಿದವನು ನೆಲ ನೋಡಿದ. ನರಹರಿ ನನ್ನನ್ನು ನೋಡಿದರು.

“ಯಾರ ಹೆಸರಿಗೂ ಇರಲಿಲ್ಲ ಯಂಕವ್ವ” ಎಂದೆ. “ಮಿಷನ್ನಿಗೆ ಅವರು ಗೊತ್ತೇ ಇರಲಿಲ್ಲ. ಯಾರೋ ಹೊರಗಿನವರು ಅಂತ ತೋರಸ್ತು. ನಾನು ನಂಬಿದೆ. ಗುಂಡಿ ಒತ್ತಿದಾಕಿ ನಾನು.”

“ಒತ್ತಿದಾಕಿ ನೀವು ಅಂತ ಗೊತ್ತೈತ್ರಿ. ಅವತ್ತ ಯಾರೋ ಹೇಳಿದ್ರು” ಎಂದಳು. ನನಗೆ ಚಾಪೆ ಹಾಸಿ ಚಹಾ ಕೊಟ್ಟವಳು ಇವಳು. “ಇದನ್ನ ಮಾತ್ರ ಯಾರೂ ಹೇಳಿರಲಿಲ್ಲ.”

ಸುತ್ತಿಗೆಯನ್ನು ಗೋಡೆಗೆ ಒರಗಿಸಿ ನೆಲದ ಮೇಲೆ ಕೂತಳು. ಅಳಲಿಲ್ಲ. ಇಪ್ಪತ್ತೊಂದು ದಿನವನ್ನೂ ಒಂದೊಂದಾಗಿ ನಡೆದು ಬಂದಂತೆ ಅವಳ ತುಟಿ ಅಲ್ಲಾಡುತ್ತಿತ್ತು. ನಾನು ಹತ್ತಿರ ಹೋಗಿ ಕೂತೆ. ಭುಜ ಮುಟ್ಟುವ ಧೈರ್ಯ ಬರಲಿಲ್ಲ. ವಿಚಾರಣಾಧಿಕಾರಿಗಳಲ್ಲಿ ಹಿರಿಯರು ಫೈಲು ಮುಚ್ಚುತ್ತ, ಇವತ್ತಿಗೆ ಸಾಕು, ಆಮೇಲೆ ಬರೆಯೋಣ ಎಂದರು.

“ಬ್ಯಾಡ್ರಿ ಸಾಹೇಬ್ರ, ಈಗ ಬರೀರಿ” ಎಂದಳು ಯಂಕವ್ವ. “ಅವರು ಕೆಟ್ಟ ಕೆಲಸಕ್ಕ ಹೋಗಿರಲಿಲ್ಲ ಅಂತ ಬರೀರಿ. ಜಾಯಿಂಟು ಬಡ್ಯಾಕ ಹೋಗಿದ್ರು ಅಂತ ಬರೀರಿ.”

ನರಹರಿ ಬರೆದರು. ಓದಿ ಹೇಳಿದರು. ಅವಳು ತಲೆಯಾಡಿಸಿದಳು.

“ಇನ್ನೊಂದು ಐತ್ರಿ. ಅವತ್ತ ಅವರು ಮನಿಯಾಗಿದ್ದು ನಾನು ಹೋಗಿದ್ರ, ಮಿಷನ್ ಸುಮ್ಮನಿರತಿತ್ತು. ಅದನ್ನೂ ಬರೀರಿ.”

“ಅದು ಬೇಡಮ್ಮ” ಎಂದರು ನರಹರಿ.

“ಖರೇನೋ ಸುಳ್ಳೋ ಹೇಳ್ರಿ.”

ನರಹರಿಯವರ ಪೆನ್ನು ಮೇಲೇಳಲಿಲ್ಲ. ವಿಚಾರಣಾಧಿಕಾರಿಗಳು ಮೂವರೂ ಕಿಟಕಿಯಾಚೆ ನೋಡುತ್ತಿದ್ದರು. ಯಂಕವ್ವ ನನ್ನ ಕಡೆ ತಿರುಗಿದಳು. ನಾನು ಎದ್ದು, ನರಹರಿಯವರ ಮುಂದಿನ ಹಾಳೆ ಎಳೆದುಕೊಂಡು, ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದೆ.